ಬೀಗತಿಯ ಹೆಸರು

ಫೋನಿಟ್ಟ ಮೇಲೆ ಕಾಮಾಕ್ಷಿಗೆ ಕೂತಲ್ಲಿ ಕೂರಲಾಗಲಿಲ್ಲ. ಲಂಡನ್ನಿನ ಫೆಲ್ಥಮ್ಮಿನ ಇಕ್ಕಟ್ಟು ಅಡುಗೆಮನೆಯಲ್ಲಿ ಒಲೆ ಹಚ್ಚಿದಳು, ಆರಿಸಿದಳು, ಮತ್ತೆ ಹಚ್ಚಿದಳು. ಮೊಮ್ಮಗಳಿಗೆ ನಿಮ್ಮ ಹೆಸರನ್ನೇ ಇಡೋಣ ಎಂದು ಬೀಗತಿ ಹ್ಯಾನಾಗೆ ಹೇಳಿದ್ದಷ್ಟೇ. ಹ್ಯಾನಾ ತಟ್ಟನೆ ಫೋನು ಕೆಳಗಿಟ್ಟಿದ್ದಳು.

ಕಾಮಾಕ್ಷಿ ಧಾರವಾಡದವಳು, ಡಾಕ್ಟರ ಹೆಂಡತಿ. ಮಗ ಮಾಧವ ಯಹೂದಿ ಹುಡುಗಿ ರೇಚಲ್‌ಳನ್ನು ಮದುವೆಯಾದಾಗ ಲಂಡನ್ನಿನ ಕನ್ನಡದ ಹೆಂಗಸರು ಸಾವಿನ ಮನೆಗೆ ಬಂದವರಂತೆ ಮುಖ ಮಾಡಿದ್ದರು. ರಾಜ್ಯೋತ್ಸವದ ವೇದಿಕೆ ಹತ್ತಿದರೆ ಎಲ್ಲ ಧರ್ಮವೂ ಒಂದೇ. ಕೆಳಗಿಳಿದರೆ, ಮಗು ನಮ್ಮದೋ ಅವರದೋ ಎಂಬ ಪಿಸುಮಾತು. ಇವರ ಬಾಯಿ ಮುಚ್ಚಿಸಲೆಂದೇ ಕಾಮಾಕ್ಷಿ ತಾನಾಗಿಯೇ ಬೀಗತಿಯ ಹೆಸರು ಆರಿಸಿದ್ದಳು. ಹೀಬ್ರೂವಿನಲ್ಲಿ ಹ್ಯಾನಾ ಎಂದರೆ ಕೃಪೆ ಎಂದು ರೇಚಲ್ ಹಿಂದೊಮ್ಮೆ ಹೇಳಿದ್ದಳು. ಅವರ ಧರ್ಮಗ್ರಂಥದ ಹಳೆಯ ಕಥೆಯ ಹ್ಯಾನಾ ಮಕ್ಕಳಿಲ್ಲದೆ ಗುಡಿಯಲ್ಲಿ ಬರೀ ತುಟಿ ಅಲ್ಲಾಡಿಸುತ್ತ ಬೇಡಿಕೊಂಡಳಂತೆ; ಕುಡಿದು ಬಂದಿದ್ದಾಳೆಂದು ಪೂಜಾರಿ ಬೈದನಂತೆ. ಹೆಂಗಸಿನ ಸಂಕಟ ಕಂಡರೆ ಮೊದಲು ಅನುಮಾನ ಪಡುವ ಪೂಜಾರಿಗಳು ಎಲ್ಲ ಊರಲ್ಲೂ ಇದ್ದಾರೆ, ಬಿಡಿ.

ಸಂಜೆ ಮಾಧವ ಬಂದು ತಲೆ ಚಚ್ಚಿಕೊಂಡ. ಹ್ಯಾನಾ ಮನೆತನದಲ್ಲಿ ಮಗುವಿಗೆ ಸತ್ತವರ ಹೆಸರನ್ನಷ್ಟೇ ಇಡುತ್ತಾರೆ. ಬದುಕಿದ್ದವರದನ್ನು ಇಟ್ಟರೆ ಸಾವನ್ನು ಕರೆದಂತೆ. ಅದರಲ್ಲೂ ಹ್ಯಾನಾಗೆ ಹೃದಯದ ಆಪರೇಷನ್ ಆಗಿ ಗಾಯವೇ ಮಾಗಿರಲಿಲ್ಲ.

"ನಮ್ಮಲ್ಲಿ ಅಜ್ಜಿ ಹೆಸರಿಡೋದು ಮರ್ಯಾದಿ ಅಲ್ಲೇನ್ರೀ?" ಎಂದು ಗಂಡ ಜಗನ್ನಾಥನತ್ತ ತಿರುಗಿದಳು.

"ಮರ್ಯಾದಿನ. ಆದ್ರ ಮೊದ್ಲ ಅಕೀ ಮಗಳನ್ನರ ಕೇಳಬೇಕಿತ್ತಲ್ಲ."

ಇನ್ನು ಹ್ಯಾನಾ ತೊಟ್ಟಿಲ ಶಾಸ್ತ್ರಕ್ಕೆ ಬಾರದಿದ್ದರೆ? ಮರುದಿನ ಬೆಳಗ್ಗೆಯೇ ಕಾಮಾಕ್ಷಿ ಅವಳ ಮನೆಗೆ ಹೊರಟಳು. ರೈಲಿನಲ್ಲಿ ಸೀಟಿದ್ದರೂ ನಿಂತೇ ಇದ್ದಳು. ದಾರಿಯುದ್ದಕ್ಕೂ ಜೋಡಿಸಿಟ್ಟ ಇಂಗ್ಲಿಷೆಲ್ಲ ಬಾಗಿಲು ತೆರೆದೊಡನೆ ಚೆದುರಿಹೋಯಿತು. ಗೊತ್ತಿರಲಿಲ್ಲ, ತಪ್ಪಾಯಿತು ಎಂದಷ್ಟೇ ಹೇಳಿದಳು.

ಹ್ಯಾನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಆ ಹೆಸರು ನನಗೆ ಇನ್ನೂ ಬೇಕು," ಎಂದಳು. "ಬೇಕಾದರೆ ಅದರ ಅರ್ಥ ತೆಗೆದುಕೊಳ್ಳಿ."

ತೊಟ್ಟಿಲ ದಿನ ಕಾಮಾಕ್ಷಿ ಮಗುವಿನ ಕಿವಿಯಲ್ಲಿ ಕೃಪಾ ಎಂದು ಊದಿದಳು. ಆ ಕನ್ನಡದ ಹೆಂಗಸರಲ್ಲೊಬ್ಬಳಾದ ಮೈಸೂರಿನ ವತ್ಸಲಾ ಪಾಯಸದ ಬಟ್ಟಲು ಹಿಡಿದೇ ಹಿಗ್ಗಿದಳು: "ಅಂತೂ ನಮ್ಮ ಹೆಸರೇ ಗೆದ್ದಿತು ನೋಡಿ!"

ತೊಟ್ಟಿಲ ಆಚೆ ಹ್ಯಾನಾ ಕನ್ನಡ ಅರ್ಥವಾಗದೆ ನಗುತ್ತಿದ್ದಳು.

"ಯಾರೂ ಗೆದ್ದಿಲ್ರೀ. ಈ ಹೆಸರು ನಮ್ಮ ಬೀಗತಿ ಕೊಟ್ಟದ್ದು," ಎಂದ ಕಾಮಾಕ್ಷಿ, ಅದನ್ನೇ ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು.

ವತ್ಸಲಾ ಬಟ್ಟಲು ಕೆಳಗಿಟ್ಟು ಕೋಟು ಹುಡುಕತೊಡಗಿದಳು. ಕಾಮಾಕ್ಷಿ ತಡೆಯಲಿಲ್ಲ.