ನಮ್ಮ ಖಣಿಗೆ ಬೇಲಿ ಬಿದ್ದದ್ದು

ವಾಡಿಗೂ ಶಹಾಬಾದಿಗೂ ನಡುವೆ ಇರುವ ನಮ್ಮ ಊರಿನ ಇತಿಹಾಸ ಹೇಳುವುದು ಸುಲಭ. ಮೊದಲು ಹೊಲ ಇತ್ತು, ಹೊಲದ ಕೆಳಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಇತ್ತು, ಕಲ್ಲು ತೆಗೆದರು, ತಗ್ಗು ಉಳಿಯಿತು. ಆ ತಗ್ಗುಗಳ ಸುತ್ತಲೇ ಊರು ಬೆಳೆಯಿತು. ಎಲ್ಲಕ್ಕಿಂತ ದೊಡ್ಡ ತಗ್ಗು ನಮ್ಮದು, ನನ್ನ ಅಜ್ಜ ಕಲ್ಲು ತೆಗೆಸಿದ ಖಣಿ. ನಮ್ಮಲ್ಲೊಂದು ಪದ್ಧತಿ ಇದೆ. ಕಲ್ಲು ಇರುವತನಕ ಖಣಿ ಮಾಲಕನದು, ಕಲ್ಲು ಮುಗಿದು ನೀರು ನಿಂತ ಮೇಲೆ ಊರಿನದು. ದನ ಇಳಿಸಬೇಡ ಅಂತ ಯಾರೂ ಯಾರಿಗೂ ಅನ್ನುವಂತಿಲ್ಲ.

ಹೋದ ವರ್ಷ ಪಂಚಾಯ್ತಿ ಆ ನೀರನ್ನು ಸೋಸಿ ಮನೆಮನೆಗೆ ನಲ್ಲಿ ಕೊಡಲು ಹೊರಟಿತು. ಜಾಗ ನಮ್ಮದು, ಸಾಲದ್ದಕ್ಕೆ ನಾನು ಪಂಚಾಯ್ತಿ ಮೆಂಬರು. ಒಪ್ಪಿದೆ. ಯಾಕೆ ಒಪ್ಪಬಾರದು? ಕೊಡ ಹೊತ್ತು ಹೊತ್ತು ಹೆಣ್ಣುಮಕ್ಕಳ ಸೊಂಟ ಬಿದ್ದುಹೋಗಿತ್ತು. ಇಂಜಿನಿಯರ್ ಒಂದೊಂದು ಮನೆಯಲ್ಲಿ ಎಷ್ಟು ಜನ ಅಂತ ಕೇಳುತ್ತ ಹೋದ. ನಾನು ಭಾಳ ಶ್ಯಾಣ್ಯಾನ ಹಾಗೆ ಓಣಿ ತೋರಿಸುತ್ತ ಜೊತೆಗೆ ತಿರುಗಿದೆ. ದನ ಎಷ್ಟು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದನಕ್ಕೆ ಖಣಿ ಇದೆಯಲ್ಲ! ಕುಡಿಯುವ ನೀರು ಅಂದಮೇಲೆ ಖಣಿಗೇ ಬೇಲಿ ಬೀಳುತ್ತದೆ ಅನ್ನುವುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಬೇಲಿಯ ಪಕ್ಕದಲ್ಲೇ ನಮಗೆ ಹಾಲು ಹಾಕುವ ಅಕ್ಕನ ಮನೆ. ಗಂಡ ಇಲ್ಲ, ಎರಡು ಎಮ್ಮೆಗಳ ಮೇಲೆ ಬದುಕು. ಬೇಲಿ ಬಿದ್ದ ಮೇಲೆ ಉಳಿದವರೆಲ್ಲ ದನ ಮಾರಿದರು, ಊರಲ್ಲಿ ದನ ಅಂತ ಉಳಿಸಿಕೊಂಡವಳು ಅವಳೊಬ್ಬಳೇ. ನಮ್ಮ ಬಿಸಿಲಿಗೆ ಎಮ್ಮೆ ನೀರಿಗಿಳಿಯದೆ ಬದುಕುವುದಿಲ್ಲ. ಅಕ್ಕ ನಲ್ಲಿಯಿಂದ ಬಕೆಟ್ ತುಂಬಿ ತುಂಬಿ ಅವುಗಳ ಮೈಮೇಲೆ ಸುರಿಯತೊಡಗಿದಳು. ಓಣಿಯ ಕೊನೆಯ ಮನೆಗಳಿಗೆ ನೀರು ಬರುವುದು ನಿಂತಿತು. ಅವರು ನನ್ನ ಬಾಗಿಲಿಗೆ ಬಂದರು.

"ನೀವ ಹೋಗಿ ಹೇಳ್ರಿ. ಮಂದಿ ಕುಡಿಯೋ ನೀರ ಎಮ್ಮಿಗಿ ಸುರಿಲಿಕತ್ತಾಳ."

ಅವರದೂ ತಪ್ಪಲ್ಲ. ನನಗೆ ಅತ್ತ ದರಿ, ಇತ್ತ ಪುಲಿ. ಹೋದೆ. ಅಕ್ಕ ಚಾಪೆ ಹಾಸಿ, "ಕುಂದ್ರಿ ಅಣ್ಣಾ, ಚಾ ಮಾಡ್ತೀನಿ" ಅಂದಳು. ಅವಳ ಎಮ್ಮೆಯ ಹಾಲಿನ ಚಾ ಕುಡಿಯುತ್ತ ಎಮ್ಮೆಯ ಮೇಲೆ ದೂರು ಹೇಳುವುದು ಹೇಗೆ? ಮಳೆ-ಬೆಳೆ ಮಾತಾಡಿ ಎದ್ದುಬಂದೆ. ಓಣಿಯವರಿಗೆ 'ಹೇಳೀನಿ' ಅಂತ ಸುಳ್ಳು ಹೇಳಿದೆ. ಬೇಲಿಯ ಹೊರಗೆ ದನಕ್ಕೊಂದು ತೊಟ್ಟಿ ಕಟ್ಟಿಸಬೇಕು ಅಂತ ಮನಸ್ಸಿನಲ್ಲೇ ಠರಾವು ಮಾಡಿಕೊಂಡೆ. ಸಭೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಕುಡಿಯುವ ನೀರಿನ ಜಗಳದಲ್ಲಿ ಎಮ್ಮೆಯ ವಕೀಲಿಕೆ ಮಾಡಿದರೆ ನಗುತ್ತಾರೆ ಅಂತ ಅಂಜಿದೆ.

ಮೊನ್ನೆ ಬೆಳಿಗ್ಗೆ ಅಕ್ಕ ಬಂದು ಎಂದಿಗಿಂತ ಹೆಚ್ಚು ಹಾಲು ಸುರಿದಳು.

"ಇದ ಕಡೀದು ಅಣ್ಣಾ. ನಾಳಿಂದ ಪಾಕೀಟ ತರಸ್ರಿ. ಎಮ್ಮಿ ಚಿಮ್ಮನಚೋಡಕ್ಕ ತಂಗಿ ಮನಿಗಿ ಕೊಟ್ಟೀನಿ. ಅಲ್ಲಿ ಹೊಳಿ ಅದ."

"ಯಾರರ ಏನರ ಅಂದರೇನಕ್ಕಾ?" ಅಂದೆ. ಗೊತ್ತಿದ್ದೂ ಕೇಳಿದೆ.

"ಅಂದಾರ್ರಿ. ಅವರದೂ ಖರೇನೇ ಅದ. ಆದರ ಖಣಿ ನಿಮ್ಮದಿದ್ದರೂ ನೀವೊಬ್ಬರ ಏನೂ ಅನ್ಲಿಲ್ಲ ನೋಡ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ."

ನನಗೆ ಅವಳ ಮುಖ ನೋಡಲಾಗಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಅವತ್ತು ಮಧ್ಯಾಹ್ನ ಸಭೆ ಇತ್ತು. ಹೋಗಿ, ಎದ್ದು ನಿಂತು, ದನಕ್ಕೊಂದು ತೊಟ್ಟಿ ಬೇಕು ಅಂದೆ. ಯಾರೂ ನಗಲಿಲ್ಲ.

"ಯಾರ ದನಕ್ಕರಿ?" ಅಂತಷ್ಟೇ ಅಧ್ಯಕ್ಷರು ಕೇಳಿದರು. ನಾನು ಕೂತುಕೊಂಡೆ.