ಬೇಲಿಯೊಳಗಿನ ಹಸುಗಳು

ಎಂಬತ್ತರ ದಶಕದಲ್ಲಿ ನಾನು ರಾಜಾಜಿನಗರದಿಂದ ಕೆಂಗೇರಿಯ ರೈತರ ಮನೆಗೆ ಸೊಸೆಯಾಗಿ ಹೋದೆ. ಆ ಮನೆಯ ಹಿತ್ತಲಿನಾಚೆ, ಗೋಮಾಳದಲ್ಲಿ, ಒಂದು ಬಂಡೆಯಿತ್ತು. ಪ್ರತಿ ಸಂಕ್ರಾಂತಿಗೆ ನನ್ನ ಅತ್ತೆ ಸುಣ್ಣ, ಕೆಮ್ಮಣ್ಣು ಕಲಸಿ ಕೊಟ್ಟಿಗೆಯ ದನಗಳನ್ನೆಲ್ಲ ಅದರ ಮೇಲೆ ಬರೆಯುತ್ತಿದ್ದರು. ಸತ್ತ ದನದ ಗೆರೆ ತಿದ್ದುತ್ತಿರಲಿಲ್ಲ, ಮಳೆಗೆ ಬಿಡುತ್ತಿದ್ದರು. ಹೊಸ ಕರುವನ್ನು ಮೊದಲು ಬಂಡೆಯ ಮೇಲೆ ಬರೆದು, ಆಮೇಲೆ ಸಂಜೆ ಕಿಚ್ಚು ಹಾಯಿಸಬೇಕು. ಅಲ್ಲಿಯವರೆಗೆ ಅದು ಮನೆಯದಲ್ಲ ಎಂದು ಅವರ ನಂಬಿಕೆ.

ರಾಜಾಜಿನಗರದಲ್ಲಿ ನನ್ನ ಚಿಕ್ಕಪ್ಪ ಆಗತಾನೆ ನಿವೃತ್ತರಾಗಿದ್ದರು. ಚಿಕ್ಕಮ್ಮನಿಗೆ ಸಾರು ಮಾಡುವುದನ್ನು ಕಲಿಸಲು ಹೋಗಿ ಅಡುಗೆಮನೆಯಿಂದ ಹೊರಬಿದ್ದಿದ್ದರು. ಕೆಲಸವಿಲ್ಲದ ಬಡಗಿಯ ಗಾದೆ ಎಲ್ಲರಿಗೂ ಗೊತ್ತು. ಪೂರ್ತಿ ಹೇಳುವುದು ಸೊಸೆಯಾದವಳಿಗೆ ಶೋಭೆಯಲ್ಲ. ಒಂದು ದಿನ ನಮ್ಮಲ್ಲಿ ಅವರೆಕಾಳು ಸಾರು ಉಂಡು, ಕೈತೊಳೆಯಲು ಹಿತ್ತಲಿಗೆ ಹೋದವರು ಬಂಡೆ ನೋಡಿ ನಿಂತುಬಿಟ್ಟರು.

"ಇದು ಸಾವಿರಾರು ವರ್ಷದ್ದು ಕಣಮ್ಮ," ಎಂದರು.

"ಹೋದ್ ಸಂಕ್ರಾಂತೀಲಿ ನಾನೇ ಬರ್ದಿದ್ದು," ಎಂದರು ಅತ್ತೆ.

ಚಿಕ್ಕಪ್ಪ ಕನಿಕರದಿಂದ ನಕ್ಕರು. "ಸಂಪ್ರದಾಯ ಅಂದ್ರೆ ಹಾಗೇ. ಎಲ್ಲಾರೂ ತಮ್ಮದೇ ಅನ್ಕೋತಾರೆ."

ಅಡಿಯಲ್ಲಿದ್ದ ಒಂದೆರಡು ಕೆಂಪು ಗೆರೆಗಳು ಯಾರ ಕಾಲದವೋ ಅತ್ತೆಗೂ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೆ ಅಷ್ಟು ಸಾಕಾಯಿತು. ಪಾರ್ಕಿನಲ್ಲಿ ವಾಕಿಂಗ್ ಮಾಡುವ ಗೆಳೆಯರೆಲ್ಲ ಸೇರಿ ರಕ್ಷಣಾ ಸಮಿತಿಯಾದರು. ಯಾವುದೋ ಕಚೇರಿಯಿಂದ ಅನುಮತಿ ತಂದು, ಬಂಡೆಯ ಸುತ್ತ ಮುಳ್ಳುತಂತಿ, ಗೇಟು, ಬೀಗ, ಬೋರ್ಡು ಹಾಕಿಸಿದರು. ಉದ್ಘಾಟನೆಯ ಭಾಷಣದಲ್ಲಿ, ಹಳ್ಳಿಯವರ ಅಜ್ಞಾನದಿಂದ ಬಂಡೆಯನ್ನು ಪಾರುಮಾಡಿದ್ದಕ್ಕೆ ಒಬ್ಬರನ್ನೊಬ್ಬರು ಅಭಿನಂದಿಸಿಕೊಂಡರು. ಅಜ್ಞಾನದ ಪರವಾಗಿ ಕುರ್ಚಿ, ಮಜ್ಜಿಗೆ ಒದಗಿಸಿದವರು ನಾವು.

ಮುಂದಿನ ಸಂಕ್ರಾಂತಿಗೆ ಕೊಟ್ಟಿಗೆಯಲ್ಲಿ ಒಂದು ಕಂದು ಕರುವಿತ್ತು. ಅದನ್ನು ನಿನ್ನ ಕೈಯಲ್ಲೇ ಬರೆಸುತ್ತೇನೆ, ಕಲಿಯುವ ಹೊತ್ತಾಯಿತು ಎಂದು ಅತ್ತೆ ನನಗೆ ಹೇಳಿದ್ದರು. ಸುಣ್ಣ ಕಲಸಿಟ್ಟರು. ನಾನು ಬಸ್ಸು ಹಿಡಿದು ಚಿಕ್ಕಪ್ಪನ ಮನೆಗೆ ಗೇಟಿನ ಕೀ ತರಲು ಹೋದೆ.

"ಪುರಾತನ ಚಿತ್ರದ ಮೇಲೆ ಸುಣ್ಣ ಬಳಿಯೋಕೆ ಕೀ ಕೇಳ್ತೀಯಲ್ಲ, ಓದಿದೋಳು ನೀನು," ಎಂದರು ಚಿಕ್ಕಪ್ಪ. ಎಳ್ಳುಬೆಲ್ಲ ಕೊಟ್ಟು ಕಳಿಸಿದರು. ಒಳ್ಳೆಯ ಮಾತಾಡಬೇಕಂತೆ.

ಸಂಜೆ ದನಗಳೆಲ್ಲ ಕಿಚ್ಚು ಹಾಯ್ದವು. ಕರುವನ್ನು ಮಾತ್ರ ಅತ್ತೆ ಕೊಟ್ಟಿಗೆಯಲ್ಲೇ ಕಟ್ಟಿ, ಅದರ ಪಕ್ಕ ಕೂತು ಅತ್ತರು. ನನ್ನ ತವರಿನ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ತಿದ್ದುವವರಿಲ್ಲದ ಚಿತ್ರಗಳನ್ನು ಆ ವರ್ಷದ ಮಳೆ ತೊಳೆಯಿತು. ಸಮಿತಿ ಬಹಳ ಮುತುವರ್ಜಿಯಿಂದ ಬರಿಯ ಬಂಡೆಯನ್ನು ಕಾಯುತ್ತಿತ್ತು. ಅಷ್ಟರಲ್ಲಿ ಯಾರೋ ದೊಡ್ಡವರು ನೋಡಲು ಬರುತ್ತಾರೆಂದು ಗೊತ್ತಾಗಿ, ಚಿಕ್ಕಪ್ಪ ಬಂಡೆಯ ಹಳೆಯ ಫೋಟೋ ಹಿಡಿದು ನಮ್ಮ ಮನೆಗೆ ಓಡಿ ಬಂದರು. ಜೇಬಿನಲ್ಲಿ ಕೀ ಇತ್ತು.

"ಇದರಲ್ಲಿರೋ ಹಾಗೇ ಬರ್ದುಕೊಡಿ ತಾಯಿ."

ಅತ್ತೆ ಫೋಟೋದ ಮೇಲೆ ಬೆರಳಿಟ್ಟರು. "ಇದು ಸತ್ತೋಯ್ತು. ಇದ್ನ ಮಾರ್ಬುಟ್ವಿ. ಇಲ್ದಿರೋವ್ನ ನಾನು ಬರಿಯಲ್ಲ. ಇವ್ಳ ಕೈಲಿ ಕರು ಬರಿಸ್ತೀನಿ, ಬೀಗ ತೆಗೀರಿ."

"ಕರು ಫೋಟೋದಲ್ಲಿ ಇಲ್ವಲ್ಲಮ್ಮ."

ಅತ್ತೆ ಫೋಟೋ ವಾಪಸ್ ಕೊಟ್ಟು ಒಳಗೆ ಹೋದರು.

ಕೊನೆಗೆ ಗೋವಿಂದರಾಜನಗರದಿಂದ ಬೋರ್ಡು ಬರೆಯುವವನೊಬ್ಬ ಬಂದು, ಫೋಟೋ ನೋಡಿಕೊಂಡು ಬರೆದ. ಚೆನ್ನಾಗಿಯೇ ಬರೆದ, ಆಯಿಲ್ ಪೇಂಟು, ಯಾವ ಮಳೆಗೂ ಹೋಗಲಿಲ್ಲ. ಅತ್ತೆ ಮತ್ತೆಂದೂ ಸುಣ್ಣ ಕಲಸಲಿಲ್ಲ. ನನಗೆ ಇವತ್ತಿಗೂ ಒಂದು ಹಸು ಬರೆಯಲು ಬರುವುದಿಲ್ಲ.