ಸೀಸದ ಏಪ್ರನ್ನಿನ ಮಡಿಕೆ

ವಿಜಯನಗರದ ನರ್ಸಿಂಗ್ ಹೋಮೊಂದರಲ್ಲಿ ನಾನು ಮೂಳೆ ಡಾಕ್ಟರು. ಆಪರೇಷನ್ ನಡುವೆಯೇ ಎಕ್ಸ್‌ರೇ ನೋಡಬೇಕಾದ್ದರಿಂದ, ಅದರ ಕಿರಣ ತಡೆಯಲು ಮೈಮೇಲೆ ಸೀಸದ ಏಪ್ರನ್ ಇರಲೇಬೇಕು. ಕೆಲಸ ಮುಗಿದ ಮೇಲೆ ಅದನ್ನು ರೇಷ್ಮೆ ಪಂಚೆಯ ಹಾಗೆ ನೀಟಾಗಿ ಮಡಿಸಿಡುತ್ತಿದ್ದೆ. ಗೂಟಕ್ಕೆ ಸಿಕ್ಕಿಸಿ ಹೋಗುವವರನ್ನು ಶಿಸ್ತಿಲ್ಲದವರೆಂದು ಬೈಯುತ್ತಿದ್ದೆ.

ಒಂದು ದಿನ ನಮ್ಮ ಎಕ್ಸ್‌ರೇ ಟೆಕ್ನಿಷಿಯನ್ ನನ್ನ ಏಪ್ರನ್ನಿಗೇ ಎಕ್ಸ್‌ರೇ ತೆಗೆದು ತೋರಿಸಿದರು. ಮಡಿಕೆ ಬಿದ್ದಲ್ಲೆಲ್ಲ ಬಿರುಕು!

"ಮಡಿಸಿದ್ರೆ ಸೀಸ ಬಿರುಕು ಬಿಡತ್ತೆ ಸಾರ್, ಕಿರಣ ನಿಮ್ಮ ಮೈಗೇ ಬರತ್ತೆ. ಎಲ್ರ ಹಾಗೆ ಗೂಟಕ್ಕೆ ನೇತುಹಾಕಿ. ಇಷ್ಟು ಫ್ರಾಕ್ಚರ್ ನೋಡ್ತೀರ, ಇದು ಗೊತ್ತಾಗ್ಲಿಲ್ವಾ?"

ಮನೆಗೆ ಬಂದು ಸಿಡುಕುತ್ತಲೇ ಹೆಂಡತಿಗೆ ಹೇಳಿದೆ. ಬೆಳಿಗ್ಗೆ ನಾನು ಸೋಫಾ ಮೇಲೆ ಎಸೆದಿದ್ದ ಒದ್ದೆ ಟವೆಲನ್ನು ಎತ್ತಿ ಹಿಡಿದು ಅವಳು ಕೇಳಿದಳು: "ಇಷ್ಟು ವರ್ಷದಲ್ಲಿ ನೀವು ಮಡಿಸಿದ್ದು ಅದೊಂದೇನಾ?"